ಕಣ್ಣಿನ ಮಾತಿಗೆ ತಲೆಯಾಡಿಸಿದ ದಿನ

ಹಲ್ಲು ಕೀಳಿಸಿಕೊಂಡರೆ ಕಣ್ಣು ಮಂಜಾಗುತ್ತವೆ ಎಂಬ ಮಾತು ನಮ್ಮ ಕಡೆ ಮನೆಮನೆಯಲ್ಲೂ ಇದೆ. ಸೇಡಂನಲ್ಲಿ ಹಲ್ಲಿನ ದವಾಖಾನೆ ಇಟ್ಟುಕೊಂಡು ಕೂತ ನನಗೆ ಆ ಮಾತು ಸುಳ್ಳೆಂದು ಒಪ್ಪಿಸುವುದೇ ಅರ್ಧ ಕೆಲಸ. ದಿನಕ್ಕೆ ಮೂರು ನಾಲ್ಕು ಸಲವಾದರೂ ಹೇಳುತ್ತೇನೆ. ಹಲ್ಲಿನ ನರವೇ ಬೇರೆ, ಕಣ್ಣಿನ ನರವೇ ಬೇರೆ, ವಯಸ್ಸಾದಾಗ ಹಲ್ಲೂ ಹೋಗುತ್ತವೆ, ಕಣ್ಣಿಗೂ ಪೊರೆ ಬರುತ್ತದೆ, ಎರಡೂ ಒಟ್ಟಿಗೇ ಬರುವುದರಿಂದ ಜನ ಒಂದಕ್ಕೊಂದು ಗಂಟು ಹಾಕುತ್ತಾರೆ ಎಂದು. ಹೇಳಿ ಹೇಳಿ ನನಗೇ ಬೇಸರ ಬಂದಿದೆ. ಅಂಥ ನಾನು ಒಂದು ಬಜಾರದ ದಿನ ಅದೇ ಮಾತಿಗೆ ಹೂಂ ಅಂದೆ. ತಿಳಿಯದೆ ಅಲ್ಲ, ಚೆನ್ನಾಗಿ ತಿಳಿದೇ ಅಂದೆ.

ಬಜಾರದ ದಿನ ಅಂದರೆ ವಾರದ ಸಂತೆಯ ದಿನ. ಸುತ್ತಲಿನ ಹಳ್ಳಿಯವರು ಒಂದೇ ಸವಾರಿಯಲ್ಲಿ ಎಲ್ಲ ಕೆಲಸ ಮುಗಿಸಿಕೊಂಡು ಹೋಗಲು ಬರುತ್ತಾರೆ. ಕಾಯಿಪಲ್ಲೆ, ಬಟ್ಟೆ, ಬ್ಯಾಂಕು, ಜೊತೆಗೆ ಹಲ್ಲು. ಹನ್ನೊಂದು ಗಂಟೆಗೆ ನನ್ನ ಬೆಂಚು ತುಂಬಿ, ಬಾಗಿಲಲ್ಲಿ ಚಪ್ಪಲಿಗಳ ರಾಶಿ ಬಿದ್ದಿರುತ್ತದೆ. ಎಲ್ಲರಿಗೂ ಊರಿಗೆ ಹೋಗುವ ಟಂಟಂ ಆಟೋ ತಪ್ಪಬಾರದು. "ಸಾಹೇಬ್ರ, ನಂದು ಬರೇ ಕಿತ್ತೋದದರಿ, ಎರಡು ಮಿನಿಟಿನ ಕೆಲಸ" ಎಂದು ಪ್ರತಿಯೊಬ್ಬರೂ ಒಳಗೆ ಇಣುಕುವವರೇ. ಹಾಗಾಗಿ ಆ ದಿನ ಒಸಡು ಕೊಯ್ಯುವ, ಎಲುಬು ಕೊರೆಯುವ ಕೆಲಸ ಹಿಡಿಯಬಾರದು ಎಂದು ನಾನೇ ಒಂದು ನಿಯಮ ಮಾಡಿಕೊಂಡಿದ್ದೆ. ನಿಯಮವೇನೋ ಸರಿ. ಹಾಗಾದರೆ ಅಂಥವರಿಗೆ ಇನ್ನೊಂದು ದಿನ ಕೊಟ್ಟು, ತಿಳಿಸಿ ಹೇಳಿ ಕಳಿಸಬೇಕು. ಅಷ್ಟು ಹೊತ್ತೂ ನನಗೆ ಕೊಡಲಾಗಲಿಲ್ಲ.

ಅವತ್ತು ಬಂದವರು ದಂಡೋತಿ ಎಂಬ ಹಳ್ಳಿಯ ಅತ್ತೆ ಸೊಸೆ. ಸೊಸೆಗೆ ಇಪ್ಪತ್ತನಾಲ್ಕು ಇಪ್ಪತ್ತೈದು ಇರಬಹುದು. ಬಲಗೆನ್ನೆ ಸ್ವಲ್ಪ ಬಾತಿತ್ತು. ಅತ್ತೆ ಹಣೆ ತುಂಬ ವಿಭೂತಿ ಹಚ್ಚಿದ್ದ ಗಟ್ಟಿ ಹೆಂಗಸು, ಕುರ್ಚಿಯ ಪಕ್ಕದಲ್ಲೇ ನಿಂತು ಸೊಸೆಯ ಪರವಾಗಿ ಎಲ್ಲವನ್ನೂ ತಾನೇ ಹೇಳಿದಳು.

"ಎಂಟು ದಿನ ಆತ್ರಿ ಸಾಹೇಬ್ರ, ರೊಟ್ಟಿ ಮುಟ್ಟಿಲ್ಲ ಕೂಸು. ಬರೇ ಗಂಜಿ. ಇಕಿ ನಮ್ಮನಿ ಸೊಸಿ ಅಲ್ಲ, ಮಗಳ ಅದಾಳ. ದಂಡೋತಿ ಹೆಣ್ಣಮಕ್ಕಳ ಜಂಪರೆಲ್ಲ ಇಕಿನೇ ಹೊಲೀತಾಳ್ರಿ. ಹೆಂಗರ ಮಾಡಿ ಬಾವು ಇಳಿಸಿಕೊಡ್ರಿ."

ಬಾಯಿ ತೆರೆಸಿ ನೋಡಿದೆ. ಕೆಳದವಡೆಯ ಬಲಭಾಗದ ತುದಿಯಲ್ಲಿ ಬುದ್ಧಿಹಲ್ಲು ಅರ್ಧ ಹೊರಗೆ ಬಂದು ನಿಂತುಬಿಟ್ಟಿತ್ತು. ಮೇಲೆ ಒಸಡಿನ ಒಂದು ಪದರ ಮುಚ್ಚಳದ ಹಾಗೆ ಕೂತಿತ್ತು. ಅದರ ಕೆಳಗೆ ಅನ್ನದ ಅಗುಳು ಸಿಕ್ಕಿ ಕೊಳೆತು, ಒತ್ತಿದರೆ ಕೀವು ಜಿನುಗುತ್ತಿತ್ತು. ಚಿಕ್ಕ ಎಕ್ಸ್‌ರೇ ತೆಗೆದೆ. ಹಲ್ಲು ನೆಟ್ಟಗೆ ಬರಲು ಜಾಗವಿಲ್ಲದೆ, ತುಂಬಿದ ಬಸ್ಸಿನಲ್ಲಿ ಮುಂದಿನವರ ಬೆನ್ನಿಗೆ ಒರಗಿ ನಿಂತವರಂತೆ ಮುಂದಿನ ದವಡೆಹಲ್ಲಿಗೆ ವಾಲಿಕೊಂಡಿತ್ತು. ಇಂಥ ಹಲ್ಲು ಮುಂದೆ ನೆಟ್ಟಗಾಗುವುದಿಲ್ಲ. ಗುಳಿಗೆ ತಿಂದರೆ ಬಾವು ಇಳಿಯುತ್ತದೆ, ತಿಂಗಳೆರಡು ತಿಂಗಳಲ್ಲಿ ಮತ್ತೆ ಬರುತ್ತದೆ, ನಡುವೆ ಮುಂದಿನ ಹಲ್ಲೂ ಹುಳುಕಾಗುತ್ತದೆ. ಬಾವು ಇಳಿದ ಮೇಲೆ ತೆಗೆದುಬಿಡುವುದೇ ಸರಿ. ಇದನ್ನು ಅವರಿಗೆ ಹೇಳಿದೆ. ಇಲ್ಲಿಯವರೆಗೆ ನಾನು ತಪ್ಪು ಮಾಡಿರಲಿಲ್ಲ.

ಅತ್ತೆಯ ಮುಖ ಇಳಿಯಿತು. "ಹಲ್ಲ ತೆಗದ್ರ ಕಣ್ಣಿಗಿ ಏನೂ ಆಗಂಗಿಲ್ಲೇನ್ರಿ? ನಮ್ಮಕ್ಕ ಹಿಂಗೇ ಹಲ್ಲ ಕಿತ್ತಿಸ್ಕೊಂಡು ಒಂದು ವರ್ಷದಾಗ ಕಣ್ಣ ಕಳಕೊಂಡಳ್ರಿ. ಇಕಿ ಸೂಜಿಗಿ ದಾರ ಏರಿಸೋಳು. ಕಣ್ಣ ಹೋದ್ರ ಏನ್ ಮಾಡ್ಲಿ?"

ನನ್ನ ಮಾಮೂಲಿ ಪಾಠ ಒಪ್ಪಿಸಿದೆ. ಆಕೆ ಮತ್ತೆ ಅಕ್ಕನ ಕಥೆಗೆ ಹೋದಳು. ನಾನು ಎರಡನೇ ಸಲ ಶುರು ಮಾಡಿದೆ. ಹೊರಗೆ ಯಾರೋ ಜೋರಾಗಿ ಕೆಮ್ಮಿದರು, ಇನ್ಯಾರೋ ಪರದೆ ಸರಿಸಿ ಇಣುಕಿ ಹೋದರು. ಆಗ ಸೊಸೆ ಮೊದಲ ಸಲ ಬಾಯಿಬಿಟ್ಟಳು.

"ತೆಗದುಬಿಡ್ರಿ ಸರ್. ಇದು ಮೂರನೇ ಸಲ ಬಾತದ್ದು."

ನಾನು ಅವಳ ಕಡೆ ನೋಡಲಿಲ್ಲ. ನಾಚಿಕೆ ಬಿಟ್ಟು ಒಂದು ನಿಜ ಬರೆಯುತ್ತೇನೆ. ಆ ಹೊತ್ತಿನಲ್ಲಿ ನನಗಿದ್ದ ಅಂಜಿಕೆ ಅತ್ತೆ ಒಪ್ಪುವುದಿಲ್ಲ ಎಂದಲ್ಲ, ಒಪ್ಪಿಬಿಟ್ಟರೆ ಎಂದು. ಒಪ್ಪಿದರೆ ದಿನ ಗೊತ್ತು ಮಾಡಬೇಕು, ತುದಿಹಲ್ಲಿನ ಕೆಲಸಕ್ಕೆ ಒಂದು ತಾಸು ತೆಗೆದಿಡಬೇಕು, ಈಗ ಇನ್ನೂ ಕಾಲು ತಾಸು ಕೂತು ಮಾತಾಡಬೇಕು. ಹೊರಗೆ ಇಪ್ಪತ್ತು ಮಂದಿ. ನಾನು ಅತ್ತೆಯ ಕಡೆ ತಿರುಗಿ ತಲೆಯಾಡಿಸಿದೆ.

"ನೀವು ಅನ್ನೋದೂ ಖರೇ ಅದ ಯವ್ವಾ. ಕಣ್ಣಿನ ನರ ಹತ್ತಿರನೇ ಇರ್ತದ. ಸದ್ಯಕ್ಕ ಬ್ಯಾಡ. ಗುಳಿಗಿ ಕೊಡ್ತೀನಿ, ಬಾವು ಇಳೀತದ."

ಹತ್ತಿರ ಒಂದು ನರ ಇರುವುದು ನಿಜ. ಅದು ಕೆಳತುಟಿಗೂ ಗದ್ದಕ್ಕೂ ಹೋಗುವ ನರ. ಅಂದರೆ ನಾನು ಪೂರ್ತಿ ಸುಳ್ಳನ್ನೂ ಹೇಳಲಿಲ್ಲ, ತುಟಿ ಅನ್ನಬೇಕಾದಲ್ಲಿ ಕಣ್ಣು ಅಂದೆ. ಓದಿದವನ ಸುಳ್ಳು ಹೀಗೇ ಇರುತ್ತದೆ.

ಅತ್ತೆ ಎರಡೂ ಕೈ ಜೋಡಿಸಿದಳು. "ಇಷ್ಟು ದಿನಕ್ಕ ಒಬ್ಬ ಡಾಕ್ಟರ್ ಖರೇ ಹೇಳಿದ್ರಿ" ಅಂದಳು. ಒಸಡಿನ ಪದರದ ಕೆಳಗೆ ಸಿರಿಂಜಿನಿಂದ ಉಪ್ಪುನೀರು ಬಿಟ್ಟು ತೊಳೆದೆ, ಐದು ದಿನದ ಗುಳಿಗೆ ಬರೆದೆ, ಬಿಸಿ ಉಪ್ಪುನೀರು ಮುಕ್ಕಳಿಸಲು ಹೇಳಿದೆ. ಹತ್ತು ನಿಮಿಷದಲ್ಲಿ ಇಬ್ಬರೂ ಹೊರಗೆ ಹೋದರು. ಅವತ್ತು ಮಧ್ಯಾಹ್ನ ಊಟ ಹೊತ್ತಿಗೆ ಸರಿಯಾಗಿ ಆಯಿತು, ಚೆನ್ನಾಗಿಯೂ ರುಚಿಸಿತು.

ಎರಡು ತಿಂಗಳಾದ ಮೇಲೆ ಮತ್ತೆ ಬಂದರು. ಮತ್ತೆ ಬಜಾರದ ದಿನವೇ, ಮತ್ತೆ ಅದೇ ಬಾವು. ಈ ಸಲ ಅತ್ತೆ ಪ್ರಶ್ನೆಯನ್ನೂ ಕೇಳಲಿಲ್ಲ. "ಆ ಗುಳಿಗಿ ಭಾಳ ಛಲೋ ಅವರಿ, ಅವ್ನೇ ಕೊಡ್ರಿ" ಅಂದಳು. ಆಗಲಾದರೂ ಬಾಯಿ ಬಿಡಬಹುದಿತ್ತು. ಒಮ್ಮೆ ಹೇಳಿದ ಸುಳ್ಳನ್ನು ತಿದ್ದಲು ಮೊದಲಿಗಿಂತ ಹೆಚ್ಚು ಹೊತ್ತು ಬೇಕು, ಅದಕ್ಕಿಂತ ಹೆಚ್ಚಾಗಿ ಮುಖ ಬೇಕು. ಅವೇ ಗುಳಿಗೆ ಬರೆದೆ. ಸೊಸೆ ಎದ್ದು ಹೋಗುವಾಗ ನನ್ನತ್ತ ಒಮ್ಮೆ ನೋಡಿದಳು. ನಾನು ಮುಂದಿನವರನ್ನು ಕರೆದೆ.

ಆಮೇಲೆ ಅವರು ಬರಲಿಲ್ಲ. ವಾಸಿಯಾಗಿರಬೇಕು ಎಂದು ನಾನೂ ಅಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು. ನನ್ನ ಹಳೆಯ ಚೀಟಿಯನ್ನೇ ಔಷಧಿ ಅಂಗಡಿಯಲ್ಲಿ ತೋರಿಸಿ ತೋರಿಸಿ ಅದೇ ಗುಳಿಗೆ ಕೊಳ್ಳುತ್ತಿದ್ದರು, ನೋವು ನಿಂತ ಕೂಡಲೇ ಎರಡೇ ಗುಳಿಗೆಗೆ ನಿಲ್ಲಿಸುತ್ತಿದ್ದರು ಎಂಬುದು ಗೊತ್ತಾದದ್ದು ತಡವಾಗಿ.

ಮೊದಲ ಸಲ ಬಂದು ಆರು ತಿಂಗಳಾಗಿರಬೇಕು. ಬಜಾರ ಇಲ್ಲದ ಒಂದು ದಿನ, ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಅತ್ತೆ ಸೊಸೆ ಮೆಟ್ಟಿಲ ಮೇಲೆ ಕೂತಿದ್ದರು. ಬೀಗ ತೆಗೆದು ಮೊದಲು ಸೊಸೆಯನ್ನು ಒಳಗೆ ಕೂಡಿಸಿದೆ. ಬಾವು ಕೆನ್ನೆ ದಾಟಿ ದವಡೆಯ ಕೆಳಗೆ, ಕುತ್ತಿಗೆಯವರೆಗೆ ಇಳಿದಿತ್ತು. ಜ್ವರ ಸುಡುತ್ತಿತ್ತು. ಬಾಯಿ ಒಂದು ಬೆರಳಿನಷ್ಟು ಮಾತ್ರ ತೆರೆಯುತ್ತಿತ್ತು. ಜೊಲ್ಲು ನುಂಗಲಾಗದೆ ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು, ಮಾತು ಬಾಯಲ್ಲೇನೋ ಇಟ್ಟುಕೊಂಡಂತೆ ದಪ್ಪಗಾಗಿತ್ತು. ದವಡೆಯ ಕೆಳಗೆ ಬೆರಳಿಟ್ಟು ಒತ್ತಿದೆ. ಮೆತ್ತಗಿರಬೇಕಾದ ಜಾಗ ಹಲಗೆಯಂತೆ ಗಟ್ಟಿಯಾಗಿತ್ತು.

ಹಲ್ಲಿನ ಕೀವು ಹೀಗೆ ಕೆಳಗೆ ಇಳಿದರೆ ನಾಲಿಗೆಯನ್ನು ಮೇಲಕ್ಕೆ ಎತ್ತುತ್ತದೆ. ಇನ್ನೂ ಹಬ್ಬಿದರೆ ಉಸಿರಿನ ದಾರಿಯೇ ಮುಚ್ಚುತ್ತದೆ. ಇದು ನನ್ನ ಕುರ್ಚಿಯಲ್ಲಿ ಮಾಡುವ ಕೆಲಸವಲ್ಲ. "ಈಗಿಂದೀಗ ಕಲಬುರಗಿಗೆ ಹೋಗಬೇಕು. ಅಲ್ಲಿ ದೊಡ್ಡ ದವಾಖಾನ್ಯಾಗ ಕೀವು ತೆಗೀತಾರ, ಆಮ್ಯಾಲ ಆ ಹಲ್ಲೂ ತೆಗೀಬೇಕು" ಅಂದೆ.

ಅತ್ತೆ ತಲೆ ಅಲ್ಲಾಡಿಸಿದಳು. "ಕಲಬುರಗಿ ಬ್ಯಾಡ್ರಿ. ಇಲ್ಲೇ ಸೂಜಿ ಮಾಡ್ರಿ, ಬಾಟ್ಲಿ ಹಚ್ಚಿರಿ. ಎಷ್ಟು ದಿನಾ ಆಗಲಿ ಕುಂದರ್ತೀವಿ. ಹಲ್ಲಿಗಿ ಮಾತ್ರ ಕೈ ಹಚ್ಚೋದು ಬ್ಯಾಡ. ನೀವೇ ಅಂದೀರಲ್ರಿ."

"ಯವ್ವಾ, ಆವಾಗಿಂದು ಬ್ಯಾರೆ, ಈಗಿಂದು ಬ್ಯಾರೆ."

"ಹೆಂಗ ಬ್ಯಾರೆ? ಆವಾಗ ಕಣ್ಣಿನ ನರ ಹತ್ತಿರ ಇತ್ತು ಅಂದ್ರಿ. ಈಗ ಅದು ಎಲ್ಲಿಗಿ ಹೋತ್ರಿ?"

ಕೊಂಕಿನ ಮಾತಲ್ಲ ಅದು. ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದಳು. ಅಷ್ಟು ಹೊತ್ತಿಗೆ ಬೆಂಚಿನ ಮೇಲೆ ಇನ್ನೂ ಮೂರು ಜನ ಬಂದು ಕೂತಿದ್ದರು, ಎಲ್ಲರ ಕಿವಿ ಇತ್ತಲೇ ಇತ್ತು. ನನ್ನ ನಾಲಿಗೆಯ ತುದಿಗೆ ಇನ್ನೊಂದು ಸುಳ್ಳು ಬಂದೇಬಿಟ್ಟಿತ್ತು. ಬಾವು ಬಂದು ನರ ದೂರ ಸರಿದಿದೆ, ಈಗ ಭಯವಿಲ್ಲ ಎಂದರೆ ಮುಗಿಯುತ್ತಿತ್ತು. ನಂಬುತ್ತಿದ್ದಳು ಕೂಡ. ಕಲಬುರಗಿಗೂ ಹೋಗುತ್ತಿದ್ದರು, ನನ್ನ ಮಾನವೂ ಉಳಿಯುತ್ತಿತ್ತು. ಸೊಸೆ ಮುಂದಕ್ಕೆ ಬಾಗಿ ಕೂತು ಸೆರಗಿನ ತುದಿಗೆ ಉಗುಳುತ್ತಿದ್ದಳು. ಆ ಬಾಯಲ್ಲೇ "ತೆಗದುಬಿಡ್ರಿ ಸರ್" ಎಂದಿದ್ದಳಲ್ಲ, ಅದು ನೆನಪಾಯಿತು. ಎರಡನೇ ಸುಳ್ಳು ಹೇಳಲು ಆಗಲಿಲ್ಲ.

"ಯವ್ವಾ, ಅವತ್ತು ನಾ ಸುಳ್ಳು ಹೇಳಿದ್ದೆ" ಅಂದೆ. "ಅಲ್ಲಿ ಕಣ್ಣಿನ ನರ ಇರೋದೇ ಇಲ್ಲ. ಹಲ್ಲು ತೆಗದ್ರ ಕಣ್ಣಿಗಿ ಏನೂ ಆಗಂಗಿಲ್ಲ. ಆವಾಗಲೇ ತೆಗೀಬೇಕಾಗಿತ್ತು. ಇದು ಇಲ್ಲಿಗಿ ಬಂದದ್ದು ನನ್ನಿಂದ."

ಆಕೆ ನನ್ನನ್ನೇ ನೋಡಿದಳು. "ಯಾಕ್ರಿ?"

"ಮಂದಿ ಭಾಳ ಇದ್ರು. ನನಗ ಹೊತ್ತಿರಲಿಲ್ಲ."

"ಹೊತ್ತಿರಲಿಲ್ಲ" ಎಂದು ತನಗೇ ಹೇಳಿಕೊಂಡಳು. ಬಯ್ಯುತ್ತಾಳೆ ಎಂದು ಕಾದೆ. ಬಯ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಆಕೆ ಎದ್ದು ಸೊಸೆಯ ರಟ್ಟೆ ಹಿಡಿದು ಎಬ್ಬಿಸಿದಳು. ಊರಿಗೆ ವಾಪಸು ಹೊರಟಳು ಎಂದೇ ಅಂದುಕೊಂಡೆ. ಬಾಗಿಲಲ್ಲಿ ನಿಂತು ತಿರುಗಿದಳು. "ಗಾಡಿ ಎಲ್ಲದ ನಿಮ್ದು? ತಗೀರಿ."

ಬೆಂಚಿನ ಮೇಲಿದ್ದವರಿಗೆ ನಾಳೆ ಬರಲು ಹೇಳಿ ಬಾಗಿಲು ಹಾಕಿದೆ. ಸೊಸೆಗೆ ಮಲಗಬೇಡ, ನೆಟ್ಟಗೆ ಕೂತಿರು ಎಂದು ಹೇಳಿ ಹಿಂದಿನ ಸೀಟಿನಲ್ಲಿ ಕೂಡಿಸಿದೆ. ಹೊರಡುವ ಮೊದಲೇ ಕಲಬುರಗಿಯಲ್ಲಿ ನನಗೆ ಪಾಠ ಹೇಳಿದ್ದ ಹಿರಿಯ ಸರ್ಜನ್‌ಗೆ ಫೋನು ಮಾಡಿದೆ. ಮಳಖೇಡ ದಾಟಿ ಹೋಗುವವರೆಗೂ ನಾನು ರಸ್ತೆಗಿಂತ ಹೆಚ್ಚು ಕನ್ನಡಿಯಲ್ಲಿ ಅವಳ ಎದೆ ಏರಿಳಿಯುವುದನ್ನೇ ನೋಡುತ್ತಿದ್ದೆ. "ಮುಂದ ನೋಡಿ ಹೊಡೀರಿ, ನಾ ಅಕೀನ ನೋಡ್ಲಿಕತ್ತೀನಿ" ಎಂದು ಅತ್ತೆ ಒಂದೇ ಸಲ ಹೇಳಿದಳು.

ನಮ್ಮ ಹಿರಿಯರು ದವಾಖಾನೆಯ ಬಾಗಿಲಲ್ಲೇ ನಿಂತಿದ್ದರು. ಕುತ್ತಿಗೆ ಮುಟ್ಟಿ ನೋಡಿ, ನಾಲಿಗೆ ನೋಡಿ, "ಎಷ್ಟು ದಿನದಿಂದ ಇದು?" ಎಂದರು.

"ಆರು ತಿಂಗಳು ಸರ್."

"ಯಾರು ನೋಡ್ತಿದ್ರು?"

"ನಾನೇ ಸರ್."

ಅವರು ನನ್ನ ಮುಖ ನೋಡಲಿಲ್ಲ. ಫೈಲಿನಲ್ಲಿ ಬರೆದುಕೊಂಡು ಒಳಗೆ ಹೋದರು. ದವಡೆಯ ಕೆಳಗೆ ಎರಡು ಬೆರಳಗಲ ಕೊಯ್ದು ಕೀವು ಹೊರಗೆ ಬಿಟ್ಟರು. ಒಂದು ಬಟ್ಟಲಿನಷ್ಟು ಬಂತು. ಉಳಿದದ್ದು ಹರಿದುಹೋಗಲೆಂದು ಗಾಯದಲ್ಲಿ ಒಂದು ರಬ್ಬರಿನ ಪಟ್ಟಿ ಇಟ್ಟು ಹೊಲಿದರು, ರಕ್ತನಾಳದ ಮೂಲಕ ಔಷಧಿ ಶುರು ಮಾಡಿದರು. ಉಸಿರಿಗೆ ತೊಂದರೆಯಾಗಲಿಲ್ಲ. ಇನ್ನೊಂದು ದಿನ ಮನೆಯಲ್ಲೇ ಇದ್ದಿದ್ದರೆ ಏನಾಗುತ್ತಿತ್ತೋ ಎಂದು ಅವರು ಕೈ ತೊಳೆಯುತ್ತ ಹೇಳಿದರು. ನನಗೆ ಕೇಳಲಿ ಎಂದೇ ಹೇಳಿದರು.

ನಾಲ್ಕನೇ ದಿನ ನಾನು ಮತ್ತೆ ಹೋದಾಗ ಜ್ವರ ಬಿಟ್ಟಿತ್ತು, ಬಾಯಿ ಎರಡು ಬೆರಳು ತೆರೆಯುವಂತಾಗಿತ್ತು. ಇಡೀ ದವಡೆಯ ದೊಡ್ಡ ಎಕ್ಸ್‌ರೇ ತೆಗೆಸಿದರು. ಹಿರಿಯರು ಅದನ್ನು ಬೆಳಕಿಗೆ ಹಿಡಿದು ನನ್ನನ್ನು ಹತ್ತಿರ ಕರೆದರು. ಬುದ್ಧಿಹಲ್ಲಿನ ಬೇರುಗಳು ತುಟಿಯ ನರ ಹೋಗುವ ಕೊಳವೆಗೆ ತಾಗಿಕೊಂಡಿದ್ದವು. ಮುಂದಿನ ದವಡೆಹಲ್ಲಿನ ಹಿಂಭಾಗ ಒಸಡಿನ ಕೆಳಗೆ ಬೇರಿನವರೆಗೆ ತಿಂದುಹೋಗಿತ್ತು. ನಾನು ತೆಗೆದ ಚಿಕ್ಕ ಎಕ್ಸ್‌ರೇಯಲ್ಲಿ ಆ ಜಾಗದಲ್ಲಿ ಬರೀ ಒಂದು ಕಪ್ಪು ಚುಕ್ಕೆಯಿತ್ತು, ಆಗ ತುಂಬಿಸಿ ಉಳಿಸಬಹುದಿತ್ತು. "ಬೇರಿಗೆ ಕೈ ಹಚ್ಚದೆ ಮೇಲಿನ ಭಾಗ ಅಷ್ಟೇ ಕತ್ತರಿಸಿದರೆ ನರಕ್ಕೆ ಅಪಾಯ ಕಡಿಮೆ ಅಲ್ಲವೇ ಸರ್?" ಎಂದೆ. "ಆರು ತಿಂಗಳ ಹಿಂದೆ ಆಗಿದ್ದರೆ ಮಾಡಬಹುದಿತ್ತು. ಈಗ ಬೇರಿನ ಸುತ್ತ ಕೀವು ಆಗಿದೆ, ಬಿಡೋ ಹಾಗಿಲ್ಲ" ಎಂದರು. ಎಕ್ಸ್‌ರೇ ನನ್ನ ಕೈಗೆ ಕೊಟ್ಟು, "ನಿನ್ನ ಪೇಷಂಟು. ನೀನೇ ಹೋಗಿ ಹೇಳು" ಅಂದರು.

ವಾರ್ಡಿನಲ್ಲಿ ಅತ್ತೆ ಹಾಸಿಗೆಯ ಕಾಲಬದಿ ಕೂತಿದ್ದಳು. ಅಭ್ಯಾಸಬಲದಿಂದ ಆಕೆಯ ಕಡೆಗೇ ತಿರುಗಿದ್ದೆ. ಸ್ಟೂಲನ್ನು ಎಳೆದು ಸೊಸೆಯ ಎದುರು ಹಾಕಿಕೊಂಡು ಕೂತೆ. ಎಕ್ಸ್‌ರೇ ತೋರಿಸಿದೆ. ಎರಡು ಹಲ್ಲು ಹೋಗುತ್ತವೆ ಎಂದೆ. ತೆಗೆಯುವಾಗ ಈ ನರಕ್ಕೆ ಪೆಟ್ಟಾದರೆ ಬಲಗಡೆ ಕೆಳತುಟಿ ಮತ್ತು ಗದ್ದ ಜೋಮು ಹಿಡಿಯಬಹುದು, ಬಹಳ ಜನಕ್ಕೆ ಕೆಲವು ತಿಂಗಳಲ್ಲಿ ಸರಿಹೋಗುತ್ತದೆ, ಕೆಲವರಿಗೆ ಹಾಗೇ ಉಳಿಯುತ್ತದೆ ಎಂದೆ. ತೆಗೆಯದಿದ್ದರೆ ಮತ್ತೆ ಇದೇ ಸ್ಥಿತಿಗೆ ಬರುತ್ತದೆ ಎಂದೆ. ಕಣ್ಣಿನ ವಿಷಯ ಯಾರೂ ಎತ್ತಲಿಲ್ಲ.

ಅವಳು ಎಕ್ಸ್‌ರೇಯಲ್ಲಿ ನರದ ಗೆರೆಯ ಮೇಲೆ ಬೆರಳಿಟ್ಟಳು. "ಗುಂಡುಪಿನ್ನು ತುಟ್ಯಾಗ ಹಿಡ್ಕೊಂಡು ಹೊಲೀತೀನ್ರಿ. ದಾರದ ತುದೀನೂ ತುಟೀಲೇ ಹಸಿ ಮಾಡೋದು. ಜೋಮು ಹಿಡದ್ರ ಪಿನ್ನು ಚುಚ್ಚಿದ್ದು ತಿಳೀತದೇನ್ರಿ?"

"ತಿಳಿಯಂಗಿಲ್ಲ."

ಅತ್ತೆಯ ಕಡೆ ನೋಡಿದಳು. ಅತ್ತೆ ಹಾಸಿಗೆಯ ಚಾದರ ಸರಿಪಡಿಸುತ್ತ, "ನನ್ನೇನ್ ಕೇಳ್ತಿ? ಬಾಯಿ ನಿಂದು. ನೀ ಹೇಳವ್ವಾ" ಅಂದಳು.

"ತೆಗೀರಿ ಸರ್" ಎಂದು ಸೊಸೆ ಒಪ್ಪಿಗೆ ಪತ್ರ ಕೈಗೆ ತೆಗೆದುಕೊಂಡು, ಮೇಲಿಂದ ಕೆಳಗಿನವರೆಗೆ ಓದಿ, ಸಹಿ ಹಾಕಿದಳು.

ಮರುದಿನ ಬೆಳಗ್ಗೆ ತೆಗೆದರು. ಹಿರಿಯರ ಪಕ್ಕದಲ್ಲಿ ಕೆನ್ನೆ ಸರಿಸಿ ಹಿಡಿಯುವ ಕೆಲಸ ನನ್ನದು. ದವಡೆಗೆ ಸೂಜಿ ಕೊಟ್ಟು ಜೋಮು ಬರಿಸಿ, ಒಸಡು ಕೊಯ್ದು ಬಿಡಿಸಿದರು. ನೀರು ಬಿಡುತ್ತ ಹಲ್ಲಿನ ಸುತ್ತಲಿನ ಎಲುಬನ್ನು ಅಷ್ಟಷ್ಟೇ ಕೊರೆದರು. ಹಲ್ಲನ್ನು ನಡುವೆ ಸೀಳಿ ಮುಂದಿನ ತುಂಡು ಮೊದಲು, ಹಿಂದಿನದು ಆಮೇಲೆ ತೆಗೆದರು. ಹಿಂದಿನ ಬೇರಿನ ತುದಿ ಕೊಕ್ಕೆಯಂತೆ ಬಾಗಿ ನರದ ಕೊಳವೆಗೆ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸುವಾಗ ಅವರ ಕೈ ಬಹಳ ನಿಧಾನವಾಗಿ ಆಡಿತು. ಆಮೇಲೆ ಮುಂದಿನ ದವಡೆಹಲ್ಲು. ತೊಳೆದು ಕಪ್ಪು ದಾರದ ಹೊಲಿಗೆ ಹಾಕಿದರು. ಗೋಡೆಯ ಗಡಿಯಾರ ನೋಡಿದೆ. ನಲವತ್ತು ನಿಮಿಷ ಆಗಿತ್ತು. ಬಜಾರದ ದಿನ ಸುಳ್ಳು ಹೇಳಿ ನಾನು ಉಳಿಸಿಕೊಂಡದ್ದು ಅಷ್ಟೇ.

ಏಳು ದಿನಕ್ಕೆ ಹೊಲಿಗೆ ಬಿಚ್ಚಿಸಲು ಅವರು ಸೇಡಂಗೇ ಬರುತ್ತೇವೆಂದರು. ಬರುವುದಿಲ್ಲ ಎಂದುಕೊಂಡಿದ್ದೆ, ಬಂದರು. ಅತ್ತೆ ಒಳಗೆ ಬರಲಿಲ್ಲ, ಬೆಂಚಿನ ಮೇಲೆಯೇ ಕೂತಳು. "ಇನ್ಮ್ಯಾಲ ಅಕಿ ಮಾತು ಅಕಿನೇ ಆಡ್ತಾಳ್ರಿ" ಅಂದಳು.

ಗಾಯ ಚೆನ್ನಾಗಿ ಮಾಗಿತ್ತು. ದವಡೆಯ ಕೆಳಗಿನ ಕಲೆ ಇನ್ನೂ ಕೆಂಪಗಿತ್ತು. ಹೊಲಿಗೆ ಬಿಚ್ಚಿ, ಅವಳಿಗೆ ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ತುಟಿ ಸವರುತ್ತ ಹೋದೆ. ಮುಟ್ಟಿದ್ದು ತಿಳಿದಾಗ ಕೈ ಎತ್ತು ಎಂದು ಹೇಳಿದ್ದೆ. ಎಡಗಡೆ ಪ್ರತಿ ಸಲವೂ ಕೈ ಎತ್ತಿದಳು. ಬಲಗಡೆ ತುಟಿಯ ಮೂಲೆಯಿಂದ ಗದ್ದದ ನಡುವಿನವರೆಗೆ ನಾಲ್ಕೈದು ಕಡೆ ಮುಟ್ಟಿದೆ. ಕೈ ಮಡಿಲಲ್ಲೇ ಇತ್ತು. ಅವಳು ಕಣ್ಣು ಮುಚ್ಚಿ ಕಾಯುತ್ತಲೇ ಇದ್ದಳು.

"ಆತೇನ್ರಿ? ಶುರು ಮಾಡ್ರಿ" ಅಂದಳು.

ಹತ್ತಿಯ ಎಳೆಯನ್ನು ಕೆಳಗಿಟ್ಟೆ. ಇನ್ನೂ ದಿನ ಬೇಕು, ಬರಬಹುದು, ತಿಂಗಳಿಗೊಮ್ಮೆ ನೋಡೋಣ ಎಂದೆಲ್ಲ ಹೇಳಿದೆ. ಅಲ್ಲಿಯವರೆಗೆ ನಾನು ತಪ್ಪೊಪ್ಪಿಕೊಂಡದ್ದು ಅತ್ತೆಗೆ. ಬಾಯಿ ಯಾರದ್ದೋ ಅವಳಿಗೆ ನೇರವಾಗಿ ಆ ಮಾತು ಹೇಳಿರಲಿಲ್ಲ.

"ತಂಗಿ, ಅವತ್ತು ನಿಮ್ಮತ್ತಿಗಿ ಸುಳ್ಳು ಹೇಳಿದ್ದು..."

"ನನಗ ಗೊತ್ತಿತ್ರಿ" ಅಂದಳು.

"ಏನು?"

"ಸುಳ್ಳಂತ. ಪಿಯುಸಿ ಸೈನ್ಸ್ ಓದೀನ್ರಿ ಸರ್. ಕಣ್ಣಿನ ನರ ದವಡ್ಯಾಗ ಬರಂಗಿಲ್ಲ ಅಂತ ಗೊತ್ತದ."

"ಮತ್ತ ಅವತ್ತೇ ಯಾಕ ಅನ್ನಲಿಲ್ಲ ತಾಯಿ?"

"ಮನಿಗಿ ಹೋಗಿ ಅಂದೀನ್ರಿ. ಎರಡು ಸಲ ಅಂದೀನಿ." ತುಟಿಯಿಂದ ಜೊಲ್ಲು ಇಳಿದು ಗದ್ದಕ್ಕೆ ಬಂದಿತ್ತು. ಅವಳಿಗೆ ತಿಳಿಯಲಿಲ್ಲ. "ಡಾಕ್ಟರ್ಕಿಂತ ನಿನಗ ಹೆಚ್ಚು ತಿಳೀತದೇನು ಅಂತ ಅತ್ತಿ ಕೇಳಿದ್ರು. ಅದಕ್ಕ ನನ್ನ ಕಡೆ ಜವಾಬ್ ಇರಲಿಲ್ರಿ."